ಒದರುವ ಪೆಟ್ಟಿಗೆಯ ಬಾಯಿ ಮುಚ್ಚಿಸಿದ ಮೇಲೆ

ಜನವರಿಯ ಒಂದು ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಕಾಕಾನ ಫೋನ್ ಬಂತು. "ತಮ್ಮಾ, ಪೆಟಗಿ ತೆರೀವಲ್ದು ನೋಡಪ. ಒಂದ ಫೋಲ್ಡರೂ ಕಾಣಸವಲ್ದು."

ಕಾಕಾ ನನ್ನ ರಕ್ತಸಂಬಂಧಿಯಲ್ಲ. ನಾನು ಪುಣೆಗೆ ಬಂದ ಹೊಸದರಲ್ಲಿ ಪರಿಚಯವಾದ ಹಿರಿಯರು. ಗದಗ, ಧಾರವಾಡ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮೂವತ್ತು ನಲವತ್ತು ಮನೆಗಳ ಒಂದು ಬಳಗಕ್ಕೆ ಅವರ ಮನೆಯ ಪಡಸಾಲೆಯೇ ಕಚೇರಿ. ನೋಂದಣಿ ಇಲ್ಲ, ಅಧ್ಯಕ್ಷರಿಲ್ಲ. ಗಣಪತಿಗೆ ಒಂದು ನಾಟಕ, ನವೆಂಬರಿನಲ್ಲಿ ರಾಜ್ಯೋತ್ಸವ, ನಡುವೆ ಯಾರದಾದರೂ ಮನೆಯಲ್ಲಿ ಭಜನೆ. ಆರು ವರ್ಷದ ಹಿಂದೆ ನಾವು ಕೆಲವರು ಸೇರಿ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನೆಲ್ಲ ಡಿಜಿಟಲ್ ಮಾಡಿಸಿದೆವು. ಜೊತೆಗೆ ಬಳಗದ ಹಿರಿಯರನ್ನು ಕೂರಿಸಿಕೊಂಡು ಅವರ ಮಾತನ್ನು ರೆಕಾರ್ಡ್ ಮಾಡಿದೆವು. ಪುಣೆಗೆ ಹೇಗೆ ಬಂದರು, ಖಡಕಿಯ ಕಾರ್ಖಾನೆಯಲ್ಲಿ ಕೆಲಸ ಹೇಗಿತ್ತು, ಮೊದಲ ಬಾಡಿಗೆ ಮನೆ ಯಾವುದು, ಇಂಥವು. ಎಲ್ಲವನ್ನೂ ಹಾಕಿಡಲು ನಾಲ್ಕು ಡಿಸ್ಕ್ ಹಿಡಿಯುವ ಒಂದು ನ್ಯಾಸ್ ಪೆಟ್ಟಿಗೆ ತಂದೆವು. ಅದನ್ನು ಜೋಡಿಸಿ ಕೊಟ್ಟವನು ನಾನೇ. ನನ್ನ ಹೊಟ್ಟೆಪಾಡೇ ಸ್ಟೋರೇಜ್ ಸಾಫ್ಟ್‌ವೇರ್; ಬಳಗದಲ್ಲಿ ಆ ಕೆಲಸಕ್ಕೆ ಬೇರೆ ಯಾರನ್ನು ಕೇಳುತ್ತಾರೆ?

"ಕಾಕಾ, ಅದು ಮೊದಲ ಏನರ ಸಪ್ಪಳ ಮಾಡತಿತ್ತೇನ್ರಿ?" ಎಂದು ಕೇಳಿದೆ.

"ಹೌದಪ, ಗಣಪತಿಗಿಂತ ಮೊದಲ ಪೀಂ ಪೀಂ ಅಂತ ಒಂದ ಸವನ ಒದರತಿತ್ತು. ನಾಟಕದ ತಾಲೀಮು ನಡದಿತ್ತಲ್ಲ, ಹುಡುಗೂರು ಏನೋ ಒತ್ತಿ ಬಂದ್ ಮಾಡಿದ್ರು. ಆಮ್ಯಾಲೆ ಛಲೋನ ನಡದಿತ್ತು."

ಈ "ಛಲೋನ ನಡದಿತ್ತು" ಎಂಬ ಮಾತಿನ ಬಗ್ಗೆಯೇ ಈ ಅಂಕಣ.

ಸ್ಟೋರೇಜ್ ಕ್ಷೇತ್ರದ ಹೊರಗಿರುವವರಿಗಾಗಿ ಒಂದೆರಡು ಮಾತು. ರೇಡ್ ಎಂದರೆ ಲೋಕಾಯುಕ್ತದವರು ಬೆಳಗಿನ ಜಾವ ಬಾಗಿಲು ಬಡಿಯುವುದಲ್ಲ. ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ ಬರೆದ ಪ್ರಬಂಧದಿಂದ ಈ ಹೆಸರು ಬಂತು. ದುಬಾರಿಯ ಒಂದು ದೊಡ್ಡ ಡಿಸ್ಕ್‌ಗಿಂತ ಅಗ್ಗದ ಹತ್ತಾರು ಸಣ್ಣ ಡಿಸ್ಕ್ ಲೇಸು, ಆದರೆ ಡಿಸ್ಕ್ ಹೆಚ್ಚಾದಷ್ಟೂ ಯಾವುದಾದರೊಂದು ಕೆಡುವ ಸಂಭವವೂ ಹೆಚ್ಚು, ಆದ್ದರಿಂದ ಕೆಟ್ಟದ್ದನ್ನು ಮತ್ತೆ ಲೆಕ್ಕ ಹಾಕಿ ತೆಗೆಯುವಂತಿರಬೇಕು ಎಂಬುದು ಅವರ ವಾದ. ನಾವು ಹಾಕಿದ್ದು ರೇಡ್ 5. ಅದರ ಲೆಕ್ಕ ಬಹಳ ಸರಳ. ಮೂರು ಜನ ಕೊಟ್ಟ ಪಟ್ಟಿ ಹಣವನ್ನು ಮೂರು ಚೀಟಿಯಲ್ಲಿ ಬರೆದು, ಒಟ್ಟು ಮೊತ್ತವನ್ನು ನಾಲ್ಕನೇ ಚೀಟಿಯಲ್ಲಿ ಬರೆದಿಟ್ಟರೆ, ಯಾವ ಒಂದು ಚೀಟಿ ಕಳೆದರೂ ಉಳಿದ ಮೂರರಿಂದ ಅದನ್ನು ಹೊರಡಿಸಬಹುದು. ಎರಡು ಕಳೆದರೆ ಆಗದು. ನಾಲ್ಕು ಟಿಬಿಯ ನಾಲ್ಕು ಡಿಸ್ಕ್ ಹಾಕಿದರೆ ಬಳಕೆಗೆ ಸಿಗುವುದು 12 ಟಿಬಿ. ಉಳಿದ ನಾಲ್ಕು ಟಿಬಿ ಆ ಮೊತ್ತದ ಚೀಟಿಗೆ.

ಈಗ ಒಂದು ಡಿಸ್ಕ್ ಕೆಟ್ಟಿತು ಅನ್ನಿ. ಹೊರಗಿನವರಿಗೆ ಏನು ಕಾಣುತ್ತದೆ? ಏನೂ ಇಲ್ಲ. ಫೋಲ್ಡರ್ ತೆರೆಯುತ್ತದೆ, ವಿಡಿಯೊ ಓಡುತ್ತದೆ, ಹೊಸ ಫೋಟೊ ಸೇರುತ್ತದೆ. ಕೆಟ್ಟ ಡಿಸ್ಕ್‌ನಲ್ಲಿ ಇದ್ದದ್ದನ್ನು ಪೆಟ್ಟಿಗೆ ಪ್ರತಿ ಸಲವೂ ಲೆಕ್ಕ ಹಾಕಿ ಕೊಡುತ್ತಿರುತ್ತದೆ, ಅಷ್ಟೇ. ರೇಡ್‌ನ ದೊಡ್ಡ ಗುಣ ಇದು, ದೊಡ್ಡ ಅಪಾಯವೂ ಇದೇ. ಒಂಟಿ ಡಿಸ್ಕ್ ಕೆಟ್ಟರೆ ಆ ಕ್ಷಣವೇ ಗೊತ್ತಾಗುತ್ತದೆ. ತಲೆ ಮೇಲೆ ಕೈ ಹೊತ್ತು ಕೂರುತ್ತೇವೆ. ರೇಡ್ ಕೆಟ್ಟರೆ ಎರಡನೇ ಡಿಸ್ಕ್ ಹೋಗುವವರೆಗೆ ಗೊತ್ತಾಗುವುದೇ ಇಲ್ಲ, ಯಾರಾದರೂ ನೋಡುತ್ತಿದ್ದರೆ ಮಾತ್ರ ಗೊತ್ತಾಗುತ್ತದೆ. ಇಂಥ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಲಿನಕ್ಸ್. ಅದರಲ್ಲಿ ರೇಡ್‌ನ ಸ್ಥಿತಿ ತೋರಿಸುವ ಒಂದು ಪುಟ್ಟ ಕಡತವಿದೆ. ನಾಲ್ಕೂ ಡಿಸ್ಕ್ ನೆಟ್ಟಗಿದ್ದರೆ ಅಲ್ಲಿ ಇಂಗ್ಲಿಷಿನ ಯು ಅಕ್ಷರ ನಾಲ್ಕು ಸಲ ಸಾಲಾಗಿ ಇರುತ್ತದೆ. ಒಂದು ಕೆಟ್ಟರೆ ಅದರ ಜಾಗದಲ್ಲಿ ಒಂದು ಅಡ್ಡಗೆರೆ. ಹನ್ನೆರಡು ಟಿಬಿಯ ಹಣೆಬರಹ ಆ ಒಂದು ಗೆರೆಯಲ್ಲಿದೆ, ಮತ್ತು ಅದು ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕೇ ಪೆಟ್ಟಿಗೆ ಒದರಿತು. ನಾವು ಬಾಯಿ ಮುಚ್ಚಿಸಿದೆವು.

ಹುಡುಗರನ್ನು ಬೈಯುವ ಮೊದಲು ನನ್ನ ಪಾಲಿನದನ್ನು ಹೇಳಿಬಿಡುತ್ತೇನೆ. ಪೆಟ್ಟಿಗೆ ಒದರುವುದರ ಜೊತೆಗೆ ಇಮೇಲನ್ನೂ ಕಳಿಸುತ್ತಿತ್ತು. ಜೋಡಿಸಿದ ದಿನ ಆ ಇಮೇಲ್ ವಿಳಾಸದ ಜಾಗದಲ್ಲಿ ನಾನು ಹಾಕಿದ್ದು ಆಗಿನ ಆಫೀಸಿನ ನನ್ನ ವಿಳಾಸ. ಎರಡು ವರ್ಷಕ್ಕೆ ಆ ಕೆಲಸ ಬಿಟ್ಟೆ. ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲ ಒಪ್ಪಿಸಿ ಬಂದೆ. ಆ ಅಂಚೆಪೆಟ್ಟಿಗೆಯೂ ಮುಚ್ಚಿತು. ಹೀಗಾಗಿ ಡಿಸ್ಕ್ ಕೆಟ್ಟ ದಿನದಿಂದ ನಾಲ್ಕು ತಿಂಗಳು ಕಾಕಾನ ಪಡಸಾಲೆಯ ಪೆಟ್ಟಿಗೆ ಇಲ್ಲದ ಮನುಷ್ಯನಿಗೆ ಪತ್ರ ಬರೆಯುತ್ತಿತ್ತು. ಆಫೀಸಿನಲ್ಲಿ ಸಾವಿರಾರು ಡಿಸ್ಕ್‌ಗಳ ಆರೋಗ್ಯ ಅಳೆಯುವ ಕೋಡ್ ಬರೆಯುವವನು ನಾನು. ಮೊದಲ ವಾರ ಯಾರಿಗೂ ಹೇಳಿಕೊಳ್ಳುವ ಧೈರ್ಯವಾಗಲಿಲ್ಲ.

ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ಗಿಟ್‌ಲ್ಯಾಬ್ ಕಥೆ ನೆನೆಯುತ್ತೇನೆ. 2017ರ ಜನವರಿ 31ರಂದು ಆ ಕಂಪನಿಯ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸ್‌ನ ಫೋಲ್ಡರನ್ನೇ ಅಳಿಸಿದರು. ಬ್ಯಾಕಪ್ ಹುಡುಕಿದರೆ, ನಿತ್ಯ ಆಗಬೇಕಿದ್ದ ಡೇಟಾಬೇಸ್ ಬ್ಯಾಕಪ್ ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಇತ್ತು. ವಿಫಲವಾದಾಗಲೆಲ್ಲ ಇಮೇಲ್ ಹೊರಟಿತ್ತು. ಆದರೆ ಸರಿಯಾದ ಸಹಿ ಇಲ್ಲವೆಂದು ಎದುರಿನ ಮೇಲ್ ಸರ್ವರ್ ಅದನ್ನು ತಿರಸ್ಕರಿಸುತ್ತಿತ್ತು. ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆಂದು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಆ ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು. ನಮ್ಮ ಕಂಪನಿಗಳಲ್ಲಿ ಇಂಥದ್ದು ನಡೆದರೆ ಒಂದು ಕಾನ್ಫರೆನ್ಸ್ ರೂಮಿನಾಚೆ ಹೋಗುವುದಿಲ್ಲ. ಹಾಗೆ ಬರೆದದ್ದಕ್ಕಾಗಿಯೇ ನನಗೆ ಅವರ ಮೇಲೆ ಗೌರವ.

ಮತ್ತೆ ಕಾಕಾನ ಪೆಟ್ಟಿಗೆಗೆ ಬರೋಣ. ಮೊದಲ ಡಿಸ್ಕ್ ಹೋದದ್ದು ಸೆಪ್ಟೆಂಬರಿನಲ್ಲಿ. ಜನವರಿಯಲ್ಲಿ ಎರಡನೆಯದು ಹೋಯಿತು. ಆ ದಿನವೇ ಯಾಕೆ ಹೋಯಿತು? ಹಿಂದಿನ ರಾತ್ರಿ ಬಳಗದ ಒಬ್ಬ ಗೆಳೆಯ ತನ್ನ ತಂದೆಯ ರೆಕಾರ್ಡಿಂಗ್ ಹುಡುಕಿ ತೆಗೆಯಲು ಹೋಗಿದ್ದ. ಅವರು ತೀರಿಕೊಂಡು ವರ್ಷವಾಗಿತ್ತು. ವರ್ಷಾಂತಿಕಕ್ಕೆ ಬಂದ ನೆಂಟರಿಗೆ ಅವರ ದನಿ ಕೇಳಿಸಬೇಕೆಂದು ಅವನ ಆಸೆ. ಆ ಕಡತವನ್ನು ನಾಲ್ಕೈದು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಇನ್ನೊಂದು ಡಿಸ್ಕ್‌ನ ಸೆಕ್ಟರ್‌ಗಳು ಯಾವಾಗಲೋ ಹಾಳಾಗಿದ್ದವು. ಓದಲು ಹೋದಾಗ ಡಿಸ್ಕ್ ಉತ್ತರ ಕೊಡಲಿಲ್ಲ. ಲೆಕ್ಕ ಹಾಕಿ ತೆಗೆಯಲು ನಾಲ್ಕನೇ ಚೀಟಿಯೂ ಇರಲಿಲ್ಲ. ಪೆಟ್ಟಿಗೆ ಆ ಡಿಸ್ಕನ್ನೂ ಹೊರಗೆ ಹಾಕಿ, ಪೂರ್ತಿ ಕೈಚೆಲ್ಲಿತು.

ಇಲ್ಲಿಂದ ಟಿಯರ್‌ಗಳ ಮಾತು ಶುರುವಾಗುತ್ತದೆ. ಈ ವಿಷಯದಲ್ಲಿ ನನ್ನ ವೃತ್ತಿಯವರ ಜೊತೆಗೆ ನನ್ನ ತಕರಾರೂ ಇದೆ.

ಟಿಯರ್ ಎಂಬ ಕಲ್ಪನೆ ನಮ್ಮ ಮನೆಗಳಿಗೆ ಹೊಸದಲ್ಲ. ದಿನಾ ಬೇಕಾಗುವ ಉಪ್ಪು, ಖಾರದ ಡಬ್ಬಿ ಒಲೆಯ ಪಕ್ಕ. ವಾರಕ್ಕೊಮ್ಮೆ ಬೇಕಾಗುವ ಬೇಳೆ ಕಪಾಟಿನಲ್ಲಿ. ಹಬ್ಬಕ್ಕಷ್ಟೇ ಇಳಿಸುವ ದೊಡ್ಡ ಪಾತ್ರೆ ಅಟ್ಟದ ಮೇಲೆ. ವರ್ಷದ ಜೋಳ ಹಗೇವಿನಲ್ಲಿ, ನೆಲದೊಳಗೆ. ಡೇಟಾ ಸೆಂಟರಿನಲ್ಲೂ ಇದೇ. ಮೇಲೆ ಎನ್‌ವಿಎಂಇ ಎಸ್‌ಎಸ್‌ಡಿ, ಕೆಳಗೆ ಸಾಧಾರಣ ಎಸ್‌ಎಸ್‌ಡಿ, ಅದರ ಕೆಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ದೊಡ್ಡ ಗಾತ್ರದ ಹಾರ್ಡ್ ಡಿಸ್ಕ್, ಎಲ್ಲಕ್ಕಿಂತ ಕೆಳಗೆ ಟೇಪ್ ಅಥವಾ ಕ್ಲೌಡಿನ ಶೀತಲ ಉಗ್ರಾಣ. ಅಮೆಜಾನಿನ ಅತಿ ಅಗ್ಗದ ಡೀಪ್ ಆರ್ಕೈವ್ ಹಂತದಲ್ಲಿ ಇಟ್ಟದ್ದನ್ನು ವಾಪಸ್ ಪಡೆಯಲು ಮಾಮೂಲಿ ದಾರಿಯಲ್ಲಿ 12 ಗಂಟೆ, ಇನ್ನೂ ಅಗ್ಗದ ದಾರಿಯಲ್ಲಿ 48 ಗಂಟೆಯವರೆಗೆ ಕಾಯಬೇಕು. ಸಾಫ್ಟ್‌ವೇರ್ ಪ್ರತಿ ಕಡತವನ್ನು ಎಷ್ಟು ಸಲ ಮುಟ್ಟಿದರು ಎಂದು ಎಣಿಸಿ, 30 ದಿನವೋ 90 ದಿನವೋ ಮುಟ್ಟದಿದ್ದರೆ ಕೆಳಗೆ ತಳ್ಳುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಎಲ್ಲವನ್ನೂ ಎಸ್‌ಎಸ್‌ಡಿಯಲ್ಲಿ ಇಡುವಷ್ಟು ದುಡ್ಡು ಯಾರ ಬಳಿಯೂ ಇಲ್ಲ.

ಆದರೆ ಬಳಕೆ ಕಡಿಮೆ ಎಂದಮಾತ್ರಕ್ಕೆ ಬೆಲೆ ಕಡಿಮೆಯಲ್ಲ. ಅಜ್ಜಿಯ ಬೋರಮಾಳ ಸರ ವರ್ಷಕ್ಕೊಮ್ಮೆ ಹೊರಗೆ ಬರುತ್ತದೆ. ಅದನ್ನು ಅಟ್ಟದ ಮೇಲಿನ ಹಳೆ ಪಾತ್ರೆಗಳ ಜೊತೆ ಯಾರೂ ಎಸೆಯುವುದಿಲ್ಲ. ನಮ್ಮ ಟಿಯರಿಂಗ್ ನೀತಿಗಳು ಈ ವ್ಯತ್ಯಾಸ ತಿಳಿಯವು. ಅವುಗಳಿಗೆ ಗೊತ್ತಿರುವುದು ಮುಟ್ಟಿದ ಎಣಿಕೆ ಮಾತ್ರ. ಒಂದು ಸಂಸ್ಥೆಯ ಸ್ಟೋರೇಜ್ ನೋಡಿಕೊಳ್ಳುವಾಗ ನಾನು ಕಣ್ಣಾರೆ ಕಂಡದ್ದು: ಏಪ್ರಿಲಿನಿಂದ ಫೆಬ್ರವರಿಯವರೆಗೆ ಯಾರೂ ಕೇಳದ ಲೆಕ್ಕಪತ್ರಗಳು ಒಂದೊಂದೇ ಮೆಟ್ಟಿಲು ಇಳಿದು ತಳ ಸೇರಿದ್ದವು. ಮಾರ್ಚ್ ಕೊನೆಯ ವಾರ ಆಡಿಟ್‌ನವರು ಒಂದೇ ಸಲಕ್ಕೆ ಕೇಳಿದರು. ತಳದ ಡಿಸ್ಕ್‌ಗಳು ಉಸಿರುಗಟ್ಟಿ ನಿಂತವು. ಇದರಲ್ಲಿ ಡಿಸ್ಕ್ ತಪ್ಪಿಲ್ಲ, ಅಲ್ಗಾರಿದಮ್ ತಪ್ಪೂ ಇಲ್ಲ. ಲೆಕ್ಕಪತ್ರ ವಿಭಾಗದ ಒಬ್ಬರನ್ನು ಕರೆದು "ಇದು ನಿಮಗೆ ಯಾವಾಗ ಬೇಕಾಗುತ್ತದೆ?" ಎಂದು ನಾವು ಯಾರೂ ಕೇಳಿರಲಿಲ್ಲ.

ನಿಧಾನವಾಗುವುದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಹೊಸ, ವೇಗದ ಡಿಸ್ಕ್‌ಗಳು ಮೇಲಿನ ಹಂತಕ್ಕೆ ಬರುತ್ತವೆ. ಹಳೆಯವನ್ನು ಕೆಳಗೆ ಇಳಿಸುತ್ತೇವೆ. ನಮ್ಮ ಬಳಗದಲ್ಲೂ ಹಾಗೇ ಮಾಡಿದ್ದೆವು. ಎರಡು ವರ್ಷದ ಹಿಂದೆ ಹೊಸ ಸಣ್ಣ ಪೆಟ್ಟಿಗೆಯೊಂದು ಬಂತು. ಇತ್ತೀಚಿನ ನಾಟಕ, ಫೋಟೊ ಎಲ್ಲ ಅದರಲ್ಲಿ. "ಹಳೇವು ಹಳೇ ಪೆಟಗ್ಯಾಗ ಇರ್ಲಿ ಬಿಡು, ಯಾರ ನೋಡ್ತಾರ" ಎಂದು ನಾವೇ ಅಂದೆವು. ಅರ್ಥ ಏನಾಯಿತು? ಎಲ್ಲಕ್ಕಿಂತ ಹಳೆಯ ಡೇಟಾ ಎಲ್ಲಕ್ಕಿಂತ ಹಳೆಯ ಡಿಸ್ಕ್ ಮೇಲೆ, ಎಲ್ಲಕ್ಕಿಂತ ಕಡಿಮೆ ಜನ ನೋಡುವ ಪೆಟ್ಟಿಗೆಯಲ್ಲಿ. ಮೇಲಿನ ಹಂತದಲ್ಲಿ ಒಂದು ಸೆಕ್ಟರ್ ಕೆಟ್ಟರೆ ಅರ್ಧ ಗಂಟೆಯಲ್ಲಿ ಯಾರೋ ಓದಲು ಹೋಗುತ್ತಾರೆ, ಎರರ್ ಬರುತ್ತದೆ, ಗೊತ್ತಾಗುತ್ತದೆ. ತಳದಲ್ಲಿ ಕೆಟ್ಟರೆ ಓದುವವರೇ ಇಲ್ಲ. ಹಗೇವಿಗೆ ನೀರು ಇಳಿದದ್ದು ಹಗೇವು ತೆಗೆದ ದಿನವೇ ತಿಳಿಯುವುದು.

ಇದು ನನ್ನ ಒಬ್ಬನ ಅನುಭವದ ಮಾತಲ್ಲ. 2007ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ನೆಟ್‌ಆ್ಯಪ್‌ನ ಸಂಶೋಧಕರು 15 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ 32 ತಿಂಗಳ ದಾಖಲೆ ನೋಡಿದರು. ಅವುಗಳಲ್ಲಿ 3.45 ಶೇಕಡಾ ಡಿಸ್ಕ್‌ಗಳಲ್ಲಿ ಇಂಥ ಅಡಗಿದ ಸೆಕ್ಟರ್ ದೋಷ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ದೋಷಗಳು ಹೊರಬಿದ್ದದ್ದು ಯಾರೋ ಕಡತ ತೆರೆದಾಗ ಅಲ್ಲ, ಸ್ಕ್ರಬ್ಬಿಂಗ್ ಮಾಡಿದಾಗ. ಸ್ಕ್ರಬ್ಬಿಂಗ್ ಎಂದರೆ ಯಾರೂ ಕೇಳದಿದ್ದರೂ ಡಿಸ್ಕ್‌ನ ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಓದಿ ನೋಡಿ, ಮೊತ್ತದ ಚೀಟಿಗೆ ತಾಳೆ ಹಾಕುವುದು. ಡೆಬಿಯನ್ ಲಿನಕ್ಸ್‌ನಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುವ ಹಾಗೆ ಇದೆ. ನಮ್ಮ ಪೆಟ್ಟಿಗೆಯಲ್ಲಿ ಅದನ್ನು ಯಾರೋ ನಿಲ್ಲಿಸಿದ್ದರು, "ಭಾನುವಾರ ಪೆಟಗಿ ಸ್ಲೋ ಆಗತದ" ಅಂತ. ನಾಟಕದ ವಿಡಿಯೊ ನೋಡುವುದು ಭಾನುವಾರವೇ ತಾನೆ.

ಹೀಗಾಗಿ ನನ್ನ ವಾದ ಇಷ್ಟು: ತಳದ ಹಂತಕ್ಕೆ ಕಡಿಮೆ ಖರ್ಚಿನ ಡಿಸ್ಕ್ ಕೊಡಿ, ಬೇಡ ಅನ್ನುವುದಿಲ್ಲ, ಕಡಿಮೆ ನಿಗಾ ಕೊಡಬೇಡಿ. ಕಂಪನಿಗಳ ಟೆಂಡರು, ಬಜೆಟ್ಟುಗಳಲ್ಲಿ ಇದು ತಲೆಕೆಳಗಾಗಿದೆ. ಮೇಲಿನ ಹಂತಕ್ಕೆ 24 ಗಂಟೆಯ ಮಾನಿಟರಿಂಗ್, ನಾಲ್ಕು ಗಂಟೆಯಲ್ಲಿ ಬಿಡಿಭಾಗ ತರುವ ಒಪ್ಪಂದ. ತಳದ್ದಕ್ಕೆ "ಮುಂದಿನ ಕೆಲಸದ ದಿನ". ಅಲ್ಲಿ ಶುಕ್ರವಾರ ಸಂಜೆ ಡಿಸ್ಕ್ ಕೆಟ್ಟರೆ ಸೋಮವಾರ ಯಾರಾದರೂ ನೋಡಿದರೆ ಪುಣ್ಯ. ಆಮೇಲೂ ಕೆಲಸ ಮುಗಿಯುವುದಿಲ್ಲ. ತಳದ ಡಿಸ್ಕ್‌ಗಳು ಗಾತ್ರದಲ್ಲಿ ದೊಡ್ಡವು. 16 ಟಿಬಿಯ ಡಿಸ್ಕ್ ಬದಲಿಸಿದರೆ, ಸೆಕೆಂಡಿಗೆ 200 ಎಂಬಿಯಂತೆ ಎಡೆಬಿಡದೆ ಬರೆದರೂ ತುಂಬಲು 22 ಗಂಟೆ. ಬೇರೆ ಕೆಲಸವೂ ನಡೆಯುತ್ತಿದ್ದರೆ ದಿನಗಟ್ಟಲೆ. ಅಷ್ಟೂ ಹೊತ್ತು ಉಳಿದ ಡಿಸ್ಕ್‌ಗಳನ್ನು ಮೂಲೆಮೂಲೆ ಓದಲೇಬೇಕು, ಅಡಗಿದ್ದ ದೋಷಗಳೆಲ್ಲ ಆಗಲೇ ಹೊರಬರುತ್ತವೆ.

ಈ ಕಾರಣಕ್ಕೆ "ರೇಡ್ 5 ಸತ್ತಿತು" ಎಂದು ಸಾರುವವರಿದ್ದಾರೆ. ಸಾಮಾನ್ಯ ಡಿಸ್ಕ್ ತಯಾರಕರು ಸುಮಾರು 12.5 ಟಿಬಿ ಓದಿದರೆ ಒಂದು ಓದಲಾಗದ ದೋಷ ಬರಬಹುದು ಎಂದು ಬರೆದುಕೊಟ್ಟಿರುತ್ತಾರೆ. ಅದನ್ನು ಹಿಡಿದು ದೊಡ್ಡ ರೇಡ್ 5 ಮರುಕಟ್ಟುವುದು ಅಸಾಧ್ಯ ಎಂದು ಲೆಕ್ಕ ತೋರಿಸುತ್ತಾರೆ. ನಾನು ಆ ಲೆಕ್ಕವನ್ನು ಪೂರ್ತಿ ಒಪ್ಪುವವನಲ್ಲ. ಅದು ತಯಾರಕರು ತಮ್ಮ ರಕ್ಷಣೆಗೆ ಬರೆದ ಮೇಲ್ಮಿತಿ. ನಿಜದಲ್ಲಿ ಒಳ್ಳೆಯ ಡಿಸ್ಕ್‌ಗಳು ಅದಕ್ಕಿಂತ ಎಷ್ಟೋ ಹೆಚ್ಚು ಓದುತ್ತವೆ. ತಿಂಗಳಿಗೊಮ್ಮೆ ತಪ್ಪದೆ ಸ್ಕ್ರಬ್ ಮಾಡಿಸಿಕೊಳ್ಳುವ ರೇಡ್ 5, ಯಾರೂ ನೋಡದ ರೇಡ್ 6ಕ್ಕಿಂತ ನನಗೆ ಹೆಚ್ಚು ನಂಬಿಕೆಯದು. ಹೊಸದಾಗಿ ಕಟ್ಟುವಾಗ ದೊಡ್ಡ ಡಿಸ್ಕ್ ಇದ್ದರೆ ರೇಡ್ 6 ಹಾಕಿ, ಅದರಲ್ಲಿ ಅನುಮಾನವಿಲ್ಲ.

"ಡಿಸ್ಕ್ ತಾನೇ ಸ್ಮಾರ್ಟ್ ವರದಿ ಕೊಡುತ್ತದಲ್ಲ" ಎನ್ನುವವರಿಗೂ ಒಂದು ಮಾತು. ಕೊಡುತ್ತದೆ. ಬದಲಿಸಿದ ಸೆಕ್ಟರ್ ಎಷ್ಟು, ಬಾಕಿ ಇರುವ ಅನುಮಾನದ ಸೆಕ್ಟರ್ ಎಷ್ಟು, ಈ ಎರಡು ಎಣಿಕೆ ಸೊನ್ನೆಯಿಂದ ಏರಲು ಶುರುವಾದರೆ ಹೊಸ ಡಿಸ್ಕ್ ತರಿಸಿ. ಗೂಗಲ್ 2007ರಲ್ಲಿ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿತು. ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು ಎಂದು ಅದರಲ್ಲಿತ್ತು. ಅದೇ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ನಾಲ್ಕು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು ಎಂದೂ ಇತ್ತು. ಅಂದರೆ ಡಿಸ್ಕ್ ನರಳಿದರೆ ನಂಬಿ, ಸುಮ್ಮನಿದ್ದರೆ ಪೂರ್ತಿ ನಂಬಬೇಡಿ. ಎಸ್‌ಎಸ್‌ಡಿ ಇದ್ದರೆ ಚಿಂತೆಯಿಲ್ಲ ಅನ್ನುವ ಹಾಗೂ ಇಲ್ಲ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿ ಮಾದರಿಗಳು ಚಾಲೂ ಆಗಿ ಸರಿಯಾಗಿ 32,768 ಗಂಟೆಗೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ, ಫರ್ಮ್‌ವೇರ್ ದೋಷದಿಂದ ಪೂರ್ತಿ ನಿಲ್ಲುತ್ತವೆ ಎಂದು ಗ್ರಾಹಕರಿಗೆ ಎಚ್ಚರಿಕೆ ಕೊಟ್ಟಿತು. ಒಂದೇ ದಿನ ಹಾಕಿದ ಡಿಸ್ಕ್‌ಗಳು ಒಂದೇ ಗಳಿಗೆಗೆ ಸಾಯುತ್ತವೆ ಎಂದಾದರೆ ಯಾವ ರೇಡ್ ಏನು ಮಾಡೀತು? ಒಂದೇ ಅಂಗಡಿಯಿಂದ ಒಂದೇ ಬ್ಯಾಚಿನ ನಾಲ್ಕು ಡಿಸ್ಕ್ ತರುವ ನಮ್ಮ ಅಭ್ಯಾಸವನ್ನು ಆಮೇಲೆ ನಾನು ಬಿಟ್ಟೆ.

ಇನ್ನು ಮನುಷ್ಯರ ವಿಷಯ. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ರಾತ್ರಿ ಪಾಳಿಯಲ್ಲಿ ಕೂತು ಇಂಥ ಅಲರ್ಟ್ ನೋಡುವವರಲ್ಲಿ ನಮ್ಮ ಊರುಗಳಿಂದ ಡಿಪ್ಲೊಮಾ ಮುಗಿಸಿ ಬಂದ ಹುಡುಗರು ಎಷ್ಟೋ ಜನ. ಗುತ್ತಿಗೆ ಕೆಲಸ. ಒಂದು ಪಾಳಿಯಲ್ಲಿ ನೂರಾರು ಅಲರ್ಟ್, ಅದರಲ್ಲಿ ಬಹುಪಾಲು ಏನೂ ಮಾಡಬೇಕಿಲ್ಲದವು. ಬೆಳಿಗ್ಗೆ ಮೂರಕ್ಕೆ ನಿಜವಾದದ್ದು ಬಂದಾಗ ಅದೂ ಅವುಗಳ ಜೊತೆ ಟಿಕ್ ಆಗಿಹೋಗುತ್ತದೆ. ಮರುದಿನ ಬೈಸಿಕೊಳ್ಳುವವನು ಆ ಹುಡುಗ. ನೂರು ಅಲರ್ಟ್ ಹುಟ್ಟಿಸಿದ ನನ್ನಂಥವನಲ್ಲ. ತಾಲೀಮಿನ ಹುಡುಗರು ಬಟನ್ ಒತ್ತಿದ್ದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಆ ಸದ್ದು ಏನು ಹೇಳುತ್ತಿದೆ, ಕೇಳಿದವರು ಏನು ಮಾಡಬೇಕು ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಈಗ ನಮ್ಮ ತಂಡದಲ್ಲಿ ನಾನು ಹಟ ಹಿಡಿಯುವುದು ಒಂದೇ ವಿಷಯಕ್ಕೆ: ಅಲರ್ಟ್ ಬಂದರೆ ಯಾರು ಎದ್ದು ಏನು ಮಾಡಬೇಕೆಂದು ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ಆ ಅಲರ್ಟೇ ಬೇಡ. ಇದಕ್ಕೆ ನನಗೆ ಬಡ್ತಿ ಸಿಗುವುದಿಲ್ಲ. ಕೆಡುವ ಮೊದಲೇ ಬದಲಿಸಿದ ಡಿಸ್ಕ್ ಯಾರ ಅಪ್ರೈಸಲ್‌ನಲ್ಲೂ ಕಾಣುವುದಿಲ್ಲ. ಕೆಟ್ಟ ಮೇಲೆ ಎರಡು ರಾತ್ರಿ ನಿದ್ದೆಗೆಟ್ಟು ಸರಿ ಮಾಡಿದವನಿಗೆ ಚಪ್ಪಾಳೆ.

"ಇಷ್ಟೆಲ್ಲ ಯಾಕೆ, ಕ್ಲೌಡಿಗೆ ಹಾಕಿದರಾಯಿತು" ಎಂದು ನನ್ನ ತಂಗಿಯೂ ಹೇಳಿದಳು. ಡಿಸ್ಕ್ ಕಾಯುವ ಕೆಲಸವನ್ನು ದೊಡ್ಡ ಕ್ಲೌಡ್ ಕಂಪನಿಗಳು ನಮಗಿಂತ ನೂರು ಪಾಲು ಚೆನ್ನಾಗಿ ಮಾಡುತ್ತವೆ, ನಿಜ. ಆದರೆ ಬಿಲ್ ಕಟ್ಟುವ ಕಾರ್ಡ್ ಯಾರದು? ಅವರು ಊರು ಬಿಟ್ಟರೆ? ಪಾಸ್‌ವರ್ಡ್ ಯಾರ ತಲೆಯಲ್ಲಿದೆ? ನೋಂದಣಿ ಇಲ್ಲದ ಬಳಗಗಳಿಗೆ ಇದೇ ದೊಡ್ಡ ಪ್ರಶ್ನೆ. ಕ್ಲೌಡ್ ಎರಡನೇ ಪ್ರತಿಯಾಗಿ ಇರಲಿ, ಒಂದೇ ಪ್ರತಿಯಾಗಿ ಬೇಡ. ದೊಡ್ಡವರೂ ಇಲ್ಲಿ ಎಡವುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್‌ನ ಸಂಗ್ರಹ ಸುಟ್ಟುಹೋಯಿತು. ಗಾತ್ರ ದೊಡ್ಡದೆಂದು ಅದಕ್ಕೆ ಹೊರಗೆ ಬ್ಯಾಕಪ್ ಇರಲಿಲ್ಲ. ರೇಡ್ ಇದ್ದರೆ ಡಿಸ್ಕ್ ಕೆಟ್ಟಾಗ ಕೆಲಸ ನಿಲ್ಲುವುದಿಲ್ಲ, ಅಷ್ಟೇ. ಬೆಂಕಿ, ಕಳ್ಳ, ತಪ್ಪಿ ಒತ್ತಿದ ಡಿಲೀಟ್ ಇವುಗಳಿಗೆ ಅದರಲ್ಲಿ ಉತ್ತರವಿಲ್ಲ. ನಾನು ಇದನ್ನು ಆಫೀಸಿನಲ್ಲಿ ವಾರಕ್ಕೊಮ್ಮೆ ಹೇಳುತ್ತೇನೆ. ಪಡಸಾಲೆಯಲ್ಲಿ ಆರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ.

ಡಿಸ್ಕ್‌ಗಳನ್ನು ಮನೆಗೆ ತಂದೆ. ಮೊದಲು ಕೆಟ್ಟದ್ದು ತಿರುಗುತ್ತಲೇ ಇರಲಿಲ್ಲ, ಅದನ್ನು ಬದಿಗಿಟ್ಟೆ. ತಿರುಗುತ್ತಿದ್ದರೂ ಪ್ರಯೋಜನವಿರಲಿಲ್ಲ, ಅದರಲ್ಲಿದ್ದದ್ದು ನಾಲ್ಕು ತಿಂಗಳ ಹಿಂದಿನ ಲೆಕ್ಕ. ಎರಡನೆಯದನ್ನು ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಹೊಸ ಡಿಸ್ಕ್‌ಗೆ ನಕಲು ಮಾಡಲು ಬಿಟ್ಟೆ. ಓದಲು ಸುಲಭವಾದದ್ದನ್ನು ಅದು ಮೊದಲು ತೆಗೆದುಕೊಳ್ಳುತ್ತದೆ, ಹಾಳಾದ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಐದು ದಿನ ಓಡಿತು. ಕೊನೆಗೆ ಕೆಲವು ನೂರು ಎಂಬಿಯಷ್ಟು ಜಾಗ ಬರಲೇ ಇಲ್ಲ. ಆ ನಕಲನ್ನು ಉಳಿದ ಎರಡು ಡಿಸ್ಕ್ ಜೊತೆ ಒತ್ತಾಯದಿಂದ ಜೋಡಿಸಿದಾಗ ಫೋಲ್ಡರ್‌ಗಳು ಕಂಡವು. ನಾಟಕಗಳು ಬಂದವು. ರಾಜ್ಯೋತ್ಸವದ ಫೋಟೊ ಬಂದವು. ಗೆಳೆಯನ ತಂದೆಯ ರೆಕಾರ್ಡಿಂಗ್ ಒಂದೂವರೆ ಗಂಟೆಯದು. 41ನೇ ನಿಮಿಷದಿಂದ ಸುಮಾರು ಆರು ನಿಮಿಷ ಬರೀ ಕರಕರ ಸದ್ದು, ಆಮೇಲೆ ಮತ್ತೆ ಅವರ ದನಿ. ಕರಕರ ಶುರುವಾಗುವ ಮುಂಚಿನ ಮಾತು, ತಮ್ಮ ಅಣ್ಣ ಊರಿಂದ ಮೊದಲ ಸಲ ಪುಣೆಗೆ ಬಂದ ದಿನದ್ದು. ಮುಗಿದ ಮೇಲೆ ಅವರು ನಗುತ್ತಿದ್ದಾರೆ. ಯಾಕೆ ನಕ್ಕರು ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ. ವರ್ಷಾಂತಿಕದ ದಿನ ಆ ಆರು ನಿಮಿಷ ಕತ್ತರಿಸಿ ಕೊಡಲೇ ಎಂದು ಗೆಳೆಯನನ್ನು ಕೇಳಿದೆ. "ಬ್ಯಾಡ, ಇದ್ದಂಗ ಇರ್ಲಿ" ಅಂದ. ಎಲ್ಲರೂ ಆ ಕರಕರ ಕೇಳುತ್ತ ಸುಮ್ಮನೆ ಕೂತರು.

ಈಗ ಹೊಸ ಡಿಸ್ಕ್ ಹಾಕಿದ್ದೇವೆ, ಎರಡು ಬೇರೆ ಬೇರೆ ಅಂಗಡಿಯಿಂದ ತಂದವು. ಪ್ರತಿ ಡಿಸ್ಕ್‌ನ ಸೀರಿಯಲ್ ನಂಬರ್ ಬರೆದ ಪಟ್ಟಿ ಪೆಟ್ಟಿಗೆಗೆ ಅಂಟಿಸಿದ್ದೇನೆ, ಅವಸರದಲ್ಲಿ ಚೆನ್ನಾಗಿರುವುದನ್ನೇ ಹೊರಗೆ ಎಳೆಯಬಾರದೆಂದು. ಇನ್ನೊಂದು ಪ್ರತಿ ಹುಬ್ಬಳ್ಳಿಯಲ್ಲಿ ಒಬ್ಬರ ಮನೆಯ ಕಪಾಟಿನಲ್ಲಿದೆ. ಗಣಪತಿಗೆ ಹೋದವರು ಹೊಸದನ್ನು ಒಯ್ದು ಹಳೆಯದನ್ನು ತರುತ್ತಾರೆ. ತಿಂಗಳ ಮೊದಲ ಭಾನುವಾರ ಸ್ಕ್ರಬ್ಬಿಂಗ್. ಅವತ್ತು ಪೆಟ್ಟಿಗೆ ಸ್ಲೋ ಆಗುತ್ತದೆ, ಆಗಲಿ. ಅದು ಮುಗಿದ ಮೇಲೆ ಎಲ್ಲ ಸರಿಯಿದ್ದರೂ ಒಂದು ಮೇಲ್ ಬರಬೇಕು. ಬಾರದಿದ್ದರೆ ಅದೇ ಅಲರ್ಟ್. ಮೇಲ್ ಹೋಗುವುದು ಇಬ್ಬರಿಗೆ, ಇಬ್ಬರದೂ ಆಫೀಸಿನ ವಿಳಾಸವಲ್ಲ. ಪೆಟ್ಟಿಗೆಯ ಸದ್ದು ಬಂದ್ ಮಾಡುವ ಬಟನ್ ಮೇಲೆ ಕಾಕಾ ತಾವೇ ಒಂದು ಚೀಟಿ ಅಂಟಿಸಿದ್ದಾರೆ: "ಒದರಿದ್ರ ಫೋನ್ ಮಾಡ್ರಿ." ಕೆಳಗೆ ಎರಡು ನಂಬರ್. ಒಂದು ನನ್ನದು, ಇನ್ನೊಂದು ಅವರ ಮೊಮ್ಮಗಳದು. ಅವಳು ಹತ್ತನೇ ಕ್ಲಾಸ್. ಕಳೆದ ತಿಂಗಳ ಮೇಲ್ ಒಂದು ತಾಸು ತಡವಾದಾಗ ನನಗಿಂತ ಮೊದಲು ಫೋನ್ ಮಾಡಿ ಕೇಳಿದವಳು ಅವಳೇ.